ಬರಿಗಾಲ ಗೆನ್‌ನ ಊರಿನಲ್ಲಿ

ಹಿರೋಶಿಮಾಕ್ಕೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಅರ್ಧ ದಿನದಲ್ಲಿ ಊರು ನೋಡಿ ಮುಗಿಸುತ್ತಾರೆ. ರೈಲಿನಿಂದ ಇಳಿದು ಟ್ರಾಮ್ ಹತ್ತುವುದು, ಅಸ್ಥಿಪಂಜರದಂತೆ ನಿಂತಿರುವ ಗುಮ್ಮಟದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳುವುದು, ಶಾಂತಿ ಉದ್ಯಾನದಲ್ಲಿ ಒಂದು ಸುತ್ತು, ವಸ್ತು ಸಂಗ್ರಹಾಲಯದಲ್ಲಿ ಒಂದು ಗಂಟೆ. ಮಧ್ಯಾಹ್ನಕ್ಕೆ ಎಲೆಕೋಸು, ನೂಡಲ್ಸ್ ಪೇರಿಸಿ ಹೆಂಚಿನ ಮೇಲೆ ಬೇಯಿಸುವ ಒಕೊನೊಮಿಯಾಕಿ ತಿಂದರೆ ಸಂಜೆಗೆ ಮಿಯಾಜಿಮಾ ದ್ವೀಪದ ದೋಣಿ ಕಾದಿರುತ್ತದೆ.

ಅವರನ್ನು ದೂರುವಂತಿಲ್ಲ. ಆರು ನದಿಗಳು ಹರಡಿಕೊಂಡು ಕಡಲು ಸೇರುವ ಮುಖಜ ಭೂಮಿಯ ಮೇಲೆ ಕುಳಿತ ಈ ನಗರದಲ್ಲಿ ಈಗ ಕಾಣುವುದು ಅಗಲ ರಸ್ತೆಗಳು, ಮರಗಳು, ಗಾಜಿನ ಅಂಗಡಿಗಳು. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಏನಾಯಿತೆಂಬುದನ್ನು ಹೇಳುವ ಗೋಡೆಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಅಂಕಿಅಂಶ. ಆ ವರ್ಷದ ಡಿಸೆಂಬರ್ ಕೊನೆಯೊಳಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ ಎಂದು ನಗರಾಡಳಿತದ ಲೆಕ್ಕ. ಪರೀಕ್ಷೆಗೆ ಬಾಯಿಪಾಠ ಮಾಡಬಹುದಾದ ಸಂಖ್ಯೆ ಇದು. ಅದಕ್ಕೆ ಮುಖವಿಲ್ಲ.

ಮುಖ ಕೊಟ್ಟವರು ಇದೇ ಊರಿನಲ್ಲಿ ಹುಟ್ಟಿದ ಇಬ್ಬರು ಚಿತ್ರಕಾರರು. ಒಬ್ಬರು ಬಾಂಬನ್ನು ಕಣ್ಣಾರೆ ಕಂಡ ಕೇಜಿ ನಕಜಾವಾ. ಇನ್ನೊಬ್ಬರು, ಬಾಂಬು ಬಿದ್ದು ಇಪ್ಪತ್ತಮೂರು ವರ್ಷಗಳಾದ ಮೇಲೆ 1968ರಲ್ಲಿ ಹುಟ್ಟಿದ ಫುಮಿಯೊ ಕೋನೊ ಎಂಬ ಹೆಣ್ಣುಮಗಳು. ಇಬ್ಬರೂ ಬರೆದದ್ದು ಕಾಮಿಕ್ಸ್. ಜಪಾನೀಯರ ಮಾತಿನಲ್ಲಿ ಮಾಂಗಾ.

ಕಾಮಿಕ್ಸ್ ಎಂದೊಡನೆ ನಮ್ಮಲ್ಲಿ ಒಂದು ತಲೆಮಾರಿಗೆ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ನೆನಪಾಗುತ್ತಾನೆ. ಈಗಿನ ಮಕ್ಕಳಿಗೆ ಆಕಾಶದಲ್ಲಿ ಹಾರುವ ಅಮೆರಿಕದ ವೀರರು. ಹಾರುವ ವೀರನಿಗೆ ಬಾಂಬಿನ ಸಮಸ್ಯೆ ಬಹಳ ಸುಲಭದ್ದು. ಬೀಳುವ ಮೊದಲೇ ಹಿಡಿದು ಕಡಲಿಗೆ ಎಸೆದರಾಯಿತು. ಹಿರೋಶಿಮಾದ ಆಕಾಶದಲ್ಲಿ ಆ ಬೆಳಿಗ್ಗೆ ಹಿಡಿಯುವವರಾರೂ ಇರಲಿಲ್ಲ. ಆದ್ದರಿಂದ ಇಲ್ಲಿನ ಚಿತ್ರಕಥೆಗಳಲ್ಲಿ ಇರುವುದು ಹಸಿದ ಒಬ್ಬ ಹುಡುಗ, ಗುಡಿಸಲಿನಲ್ಲಿ ಬಾಳುವ ಒಬ್ಬ ಯುವತಿ ಮತ್ತು ಅಡುಗೆಗೆ ಅಕ್ಕಿ ಸಾಲದೆ ಪೇಚಾಡುವ ಒಬ್ಬ ಸೊಸೆ. ಕಾಮಿಕ್ಸ್ ಮಕ್ಕಳಾಟವೆಂದು ಬಹಳ ಹಿಂದೆಯೇ ಬಿಟ್ಟುಬಿಟ್ಟ ಓದುಗರು ಮತ್ತೆ ಕೈಗೆತ್ತಿಕೊಳ್ಳುವುದಾದರೆ ಈ ಮೂರರಿಂದ ಶುರುಮಾಡಬಹುದು. ಊರನ್ನು ಅವುಗಳ ಜಾಡಿನಲ್ಲೇ ನೋಡಲೂ ಬಹುದು.

ನಿಲ್ದಾಣದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಹಿಜಿಯಾಮಾ ಎಂಬ ಗುಡ್ಡವಿದೆ. ಎತ್ತರ ಎಪ್ಪತ್ತು ಮೀಟರಿನಷ್ಟು, ಅಷ್ಟೆ. ಆದರೆ ಆ ದಿನ ಅದರ ಹಿಂಬದಿಯ ದನ್‌ಬಾರಾ ಬಡಾವಣೆ ಸುಟ್ಟುಹೋಗದೆ ಉಳಿದದ್ದು ಈ ಗುಡ್ಡ ಅಡ್ಡ ನಿಂತಿದ್ದರಿಂದ. ವಸಂತದಲ್ಲಿ ಜನ ಇಲ್ಲಿಗೆ ಚೆರ್ರಿ ಹೂ ನೋಡಲು ಬರುತ್ತಾರೆ. ಗುಡ್ಡದ ಮೇಲೆ 1997ರಲ್ಲಿ ನಗರಸಭೆ ಒಂದು ಗ್ರಂಥಾಲಯ ತೆರೆಯಿತು. ಅದರ ಕಪಾಟುಗಳಲ್ಲಿ ಇರುವುದು ಬರೀ ಮಾಂಗಾ ಮತ್ತು ಅದಕ್ಕೆ ಸಂಬಂಧಿಸಿದ ಪುಸ್ತಕಗಳು. ನಗರಸಭೆಯೊಂದು ಸಾರ್ವಜನಿಕರ ಹಣದಲ್ಲಿ ಕಾಮಿಕ್ಸ್ ಗ್ರಂಥಾಲಯ ನಡೆಸುತ್ತದೆ ಎಂದರೆ ನಮ್ಮ ಕಡೆ ಹುಬ್ಬೇರಿಸುವವರು ಇದ್ದಾರು.

ಇದೇ ಗುಡ್ಡದ ಮೇಲೆ ಇನ್ನೊಂದು ಸಂಸ್ಥೆಯೂ ದಶಕಗಳ ಕಾಲ ಇತ್ತು. ಅಮೆರಿಕದವರು 1947ರಲ್ಲಿ ಆರಂಭಿಸಿದ ಎಬಿಸಿಸಿ, ಅಂದರೆ ಅಣುಬಾಂಬು ಸಂತ್ರಸ್ತರನ್ನು ಅಧ್ಯಯನ ಮಾಡುವ ಆಯೋಗ. ಬದುಕುಳಿದವರನ್ನು ಕರೆಸಿ, ರಕ್ತ ತೆಗೆದು, ಅಳೆದು, ತೂಗಿ, ಬರೆದುಕೊಂಡು ಕಳುಹಿಸುತ್ತಿದ್ದರು. ಚಿಕಿತ್ಸೆ ಕೊಡುವುದು ಅದರ ಕೆಲಸವಾಗಿರಲಿಲ್ಲ. ಊರಿನವರ ಸಿಟ್ಟಿಗೆ ಅದೇ ಕಾರಣ. ವಿಕಿರಣದ ಅಪಾಯದ ಬಗ್ಗೆ ಇಂದು ಜಗತ್ತಿನ ಆಸ್ಪತ್ರೆಗಳು, ಎಕ್ಸ್-ರೇ ಕೊಠಡಿಗಳು ಪಾಲಿಸುವ ಮಿತಿಗಳ ಹಿಂದೆ ಇಲ್ಲಿ ಕಲೆಹಾಕಿದ ಅಂಕಿಗಳು ಇವೆಯೆಂಬುದು ನಿಜ. ಆ ಅಂಕಿಗಳು ಯಾರ ಮೈಯಿಂದ ಬಂದವು ಎಂಬುದೂ ನಿಜ.

ನಕಜಾವಾ ಅವರ ತಾಯಿ 1966ರಲ್ಲಿ ತೀರಿಕೊಂಡರು. ಆಕೆಯ ದೇಹದ ಅಂಗಗಳನ್ನು ಪರೀಕ್ಷೆಗೆ ಕೊಡಿರೆಂದು ಈ ಆಯೋಗದವರು ಕೇಳಿದ್ದರೆಂದು ಮಗ ಹೇಳಿಕೊಂಡಿದ್ದಾರೆ. ದಹನದ ನಂತರ ಜಪಾನಿನ ಪದ್ಧತಿಯಂತೆ ಅಸ್ಥಿ ಆರಿಸಲು ಹೋದರೆ ಬೂದಿಯಲ್ಲಿ ಮೂಳೆಯೇ ಇರಲಿಲ್ಲ, ಬಿಳಿಯ ಚೂರುಗಳಷ್ಟೇ ಇದ್ದವು. ವಿಕಿರಣ ತಾಯಿಯ ಮೂಳೆಯನ್ನೂ ತಿಂದುಹಾಕಿತು ಎಂದುಕೊಂಡರು ಅವರು. ವೈದ್ಯಶಾಸ್ತ್ರ ಅದಕ್ಕೆ ಏನು ವಿವರಣೆ ಕೊಟ್ಟರೂ ಕೊಡಲಿ, ಟೋಕಿಯೊದಲ್ಲಿ ಮಕ್ಕಳ ಪತ್ರಿಕೆಗಳಿಗೆ ಸಾಹಸದ ಕಥೆಗಳನ್ನು ಬರೆದುಕೊಂಡಿದ್ದ ಆ ಚಿತ್ರಕಾರ ಅಲ್ಲಿಂದ ಬೇರೆ ಮನುಷ್ಯನಾದರು. ಅದುವರೆಗೆ ಹಿರೋಶಿಮಾದ ಹೆಸರನ್ನೇ ಎತ್ತದಿದ್ದವರು ಬಾಂಬಿನ ಬಗ್ಗೆ ಬರೆಯತೊಡಗಿದರು. 1972ರಲ್ಲಿ ಐವತ್ತು ಪುಟದೊಳಗಿನ ಆತ್ಮಕಥೆಯ ತುಣುಕು 'ನಾನು ಕಂಡೆ' ಬಂತು. ಮರುವರ್ಷ 'ಶೋನೆನ್ ಜಂಪ್' ಎಂಬ ಹುಡುಗರ ವಾರಪತ್ರಿಕೆಯಲ್ಲಿ 'ಬರಿಗಾಲ ಗೆನ್' ಧಾರಾವಾಹಿ ಶುರುವಾಯಿತು. ಪತ್ರಿಕೆ ಬದಲಾಗುತ್ತ, ನಡುನಡುವೆ ನಿಲ್ಲುತ್ತ ಅದು ಮುಗಿದದ್ದು 1985ರಲ್ಲಿ, ಹತ್ತು ಸಂಪುಟಗಳಾಗಿ.

ಗೆನ್ ಎಂದರೆ ಬೇರು, ಮೂಲ. ಆರು ವರ್ಷದ ಹುಡುಗ. ಅಪ್ಪ ಯುದ್ಧ ಬೇಡವೆನ್ನುವ ಚಿತ್ರಕಾರ, ಅದಕ್ಕಾಗಿ ಪೊಲೀಸರ ಏಟು ತಿಂದವನು. ನೆರೆಹೊರೆಯವರು ಈ ಮನೆಯವರನ್ನು ದೇಶದ್ರೋಹಿಗಳೆಂದು ಕರೆದು ಇವರ ಗೋಧಿ ಹೊಲವನ್ನು ತುಳಿದು ಹಾಳುಮಾಡುತ್ತಾರೆ. ಗೋಧಿಯ ಪೈರನ್ನು ಚಳಿಗಾಲದಲ್ಲಿ ಬೇಕೆಂದೇ ಕಾಲಿನಿಂದ ತುಳಿಯುವುದು ಜಪಾನಿನ ರೈತರ ಹಳೆಯ ರೂಢಿ. ಹಿಮಕ್ಕೆ ಉಬ್ಬಿದ ಮಣ್ಣು ಕೆಳಗೆ ಕೂತು ಬೇರು ಗಟ್ಟಿಯಾಗುತ್ತದೆ, ಪೈರು ಸುಮ್ಮನೆ ಉದ್ದ ಬೆಳೆಯುವುದಿಲ್ಲ. ತುಳಿದಷ್ಟೂ ನೆಟ್ಟಗೆ ಎದ್ದು ನಿಲ್ಲುವ ಈ ಗೋಧಿಯನ್ನು ಅಪ್ಪ ಮಕ್ಕಳಿಗೆ ತೋರಿಸುತ್ತಾನೆ. ಪಕ್ಕದ ಮನೆಯ ಕೊರಿಯಾದವನನ್ನು ಊರೆಲ್ಲ ಹೀಯಾಳಿಸುವಾಗ ಈ ಮನೆಯವರು ಮಾತ್ರ ಮನುಷ್ಯನಂತೆ ಕಾಣುತ್ತಾರೆ. ಜಪಾನೀಯರು ಸಾಮಾನ್ಯವಾಗಿ ಬಾಯಿಬಿಡದ ಸಂಗತಿಗಳನ್ನು ನಕಜಾವಾ ಹುಡುಗರ ಪತ್ರಿಕೆಯಲ್ಲಿ, ಅದೂ 1973ರಲ್ಲಿ ಹೇಳಿದರು. ಬಾಂಬಿಗೆ ಬಲಿಯಾದ ಕೊರಿಯನ್ನರಿಗಾಗಿ 1970ರಲ್ಲಿ ನಿಲ್ಲಿಸಿದ ಸ್ಮಾರಕಕ್ಕೆ ಶಾಂತಿ ಉದ್ಯಾನದ ಒಳಗೆ ಜಾಗ ಸಿಕ್ಕಿದ್ದು 1999ರಲ್ಲಿ ಎಂಬುದನ್ನು ನೆನೆದರೆ ಇದರ ತೂಕ ತಿಳಿದೀತು.

ಗುಡ್ಡ ಇಳಿದು ಟ್ರಾಮ್ ಹಿಡಿದು ಊರಿನ ನಡುವೆ ಬಂದರೆ ಗುಮ್ಮಟ. ಯಾನ್ ಲೆಟ್ಸೆಲ್ ಎಂಬ ಚೆಕ್ ಶಿಲ್ಪಿ ಯೋಜಿಸಿದ, 1915ರಲ್ಲಿ ಮುಗಿದ ವಸ್ತುಪ್ರದರ್ಶನದ ಕಟ್ಟಡ ಇದು. ಬಾಂಬು ಸಿಡಿದದ್ದು ಇದರ ಆಗ್ನೇಯಕ್ಕೆ ಸುಮಾರು 160 ಮೀಟರ್ ದೂರದಲ್ಲಿ, ನೆಲದಿಂದ 600 ಮೀಟರ್ ಎತ್ತರದಲ್ಲಿ. ಅದರೊಳಗೆ ಇದ್ದ ಯುರೇನಿಯಂ ಸುಮಾರು 64 ಕಿಲೋ. ಸೀಳಿದ್ದು ಒಂದು ಕಿಲೋಗೂ ಕಡಿಮೆ. ಐನ್‌ಸ್ಟೈನ್ ಸೂತ್ರದಂತೆ ಲೆಕ್ಕ ಹಾಕಿದರೆ ನಿಜವಾಗಿ ಶಕ್ತಿಯಾಗಿ ಮಾರ್ಪಟ್ಟ ದ್ರವ್ಯರಾಶಿ ಒಂದು ಗ್ರಾಂ ಕೂಡ ಅಲ್ಲ. ಒಂದು ಹುಣಿಸೆ ಬೀಜದ ತೂಕ.

ಇಲ್ಲಿಂದ ದಕ್ಷಿಣಕ್ಕೆ ಎಬಾ ಕಡೆಗೆ ಹೋಗುವ ಟ್ರಾಮ್ ಹಿಡಿಯಬೇಕು. ಹಿರೋಶಿಮಾದ ಟ್ರಾಮ್‌ಗಳಿಗೂ ಒಂದು ಕಥೆಯಿದೆ. ಬಾಂಬು ಬಿದ್ದ ಮೂರನೆಯ ದಿನ, ಆಗಸ್ಟ್ 9ಕ್ಕೆ, ಊರಿನ ಪಶ್ಚಿಮದ ಒಂದು ತುಂಡು ಹಾದಿಯಲ್ಲಿ ಟ್ರಾಮ್ ಮತ್ತೆ ಓಡಿತು. ಫುನಾಇರಿ ಎಂಬಲ್ಲಿ ಇಳಿದರೆ ಪ್ರವಾಸಿಗರ ಗುಂಪು ಕಾಣಿಸುವುದಿಲ್ಲ. ಸಾಮಾನ್ಯ ಮನೆಗಳು, ಸೈಕಲ್ಲುಗಳು, ಒಣಹಾಕಿದ ಬಟ್ಟೆ. ಇಲ್ಲಿದ್ದ ಮನೆಯಿಂದ ಹುಡುಗ ನಕಜಾವಾ ಆ ಬೆಳಿಗ್ಗೆ ಹತ್ತಿರದ ಕನ್ಜಾಕಿ ಶಾಲೆಗೆ ಹೊರಟಿದ್ದ. ಶಾಲೆಯ ಗೇಟಿನ ಹತ್ತಿರ ಸಹಪಾಠಿಯೊಬ್ಬನ ತಾಯಿ ಏನನ್ನೋ ಕೇಳಿದಳು. ಉತ್ತರಿಸಲು ಕಾಂಪೌಂಡಿನ ಕಾಂಕ್ರೀಟ್ ಗೋಡೆಯ ಪಕ್ಕ ನಿಂತ. ಆಗ ಬೆಳಕು ಬಂತು.

ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂಬುದು ಶಾಲೆಯಲ್ಲಿ ಬೆಳಕಿನ ಪಾಠದ ಮೊದಲ ವಾಕ್ಯ. ಶಾಲೆ ಇದ್ದದ್ದು ಸಿಡಿತದ ಕೆಳಗಿನ ಬಿಂದುವಿನಿಂದ ಸುಮಾರು 1.2 ಕಿಲೋಮೀಟರ್ ದೂರ. ಬಾಂಬಿನ ಎತ್ತರ ಅದರ ಅರ್ಧ. ಹಾಗಾದರೆ ಗೋಡೆಯ ನೆರಳು ಗೋಡೆಯ ಎತ್ತರಕ್ಕೆ ಎರಡರಷ್ಟು ದೂರ ಬೀಳುತ್ತದೆ. ಹುಡುಗ ಆ ನೆರಳಿನ ಒಳಗಿದ್ದ, ಆಕೆ ಹೊರಗಿದ್ದಳು. ಆಕೆಯ ಮೈ ಕರಿಕಲಾಯಿತು. ಸುಮಿತೊಮೊ ಬ್ಯಾಂಕಿನ ಮೆಟ್ಟಿಲ ಕಲ್ಲಿನ ಮೇಲೆ ಮನುಷ್ಯನ ನೆರಳು ಉಳಿದದ್ದನ್ನು ಸಂಗ್ರಹಾಲಯದಲ್ಲಿ ಎಲ್ಲರೂ ನೋಡುತ್ತಾರೆ. ನೆರಳು ಒಬ್ಬನನ್ನು ಉಳಿಸಿದ ಜಾಗಕ್ಕೆ ಹೋಗುವವರು ಕಡಿಮೆ.

ಮನೆಯಲ್ಲಿ ಅಪ್ಪ, ಅಕ್ಕ ಮತ್ತು ತಮ್ಮ ಕುಸಿದ ತೊಲೆಗಳ ಕೆಳಗೆ ಸಿಕ್ಕಿಕೊಂಡಿದ್ದರು. ಬೆಂಕಿ ಹತ್ತಿರ ಬಂತು. ತುಂಬು ಬಸುರಿ ತಾಯಿಗೆ ಅವರನ್ನು ಎಳೆಯಲಾಗಲಿಲ್ಲ. ಅದೇ ದಿನ ರಸ್ತೆಯ ಬದಿಯಲ್ಲಿ ಆಕೆ ಹೆಣ್ಣು ಮಗುವನ್ನು ಹೆತ್ತಳು. ಮಗು ಕೆಲವೇ ತಿಂಗಳು ಬದುಕಿತು. ಪುಸ್ತಕದಲ್ಲಿ ಗೆನ್ ಈ ಸಾವುಗಳನ್ನು ಎದುರಿಗೆ ನಿಂತು ನೋಡುತ್ತಾನೆ. ನಿಜದಲ್ಲಿ ನಕಜಾವಾ ಅಲ್ಲಿರಲಿಲ್ಲ, ತಾಯಿ ಹೇಳಿದ್ದನ್ನು ಕೇಳಿದ್ದರು. ಇಷ್ಟೊಂದು ನಿಜ ಹೇಳುವ ಪುಸ್ತಕದಲ್ಲಿ ಈ ಒಂದು ಕಡೆ ಲೇಖಕ ತನ್ನನ್ನು ತಂದು ನಿಲ್ಲಿಸಿಕೊಂಡದ್ದೇಕೆ ಎಂಬುದನ್ನು ಒಂದನೆಯ ಸಂಪುಟ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಇದು ಲೋಪವಿಲ್ಲದ ಪುಸ್ತಕವಲ್ಲ. ಚಿತ್ರಗಳು ಒರಟು. ಪಾತ್ರಗಳು ಮಾತಾಡುವುದಕ್ಕಿಂತ ಕಿರುಚುವುದು ಹೆಚ್ಚು, ಮಾತೆತ್ತಿದರೆ ಗುದ್ದಾಟ. ಕೊನೆಯ ಸಂಪುಟಗಳಲ್ಲಿ ಲೇಖಕರ ಸಿಟ್ಟು ಕಥೆಯನ್ನು ಪಕ್ಕಕ್ಕೆ ತಳ್ಳಿ ತಾನೇ ಭಾಷಣಕ್ಕೆ ನಿಲ್ಲುತ್ತದೆ. ಮೊದಲ ನಾಲ್ಕು ಸಂಪುಟ ಓದಿ ನಿಲ್ಲಿಸಿದರೂ ತಪ್ಪಿಲ್ಲ. ಆದರೆ ಆ ನಾಲ್ಕರಲ್ಲಿ ಹಸಿವು ಇರುವಷ್ಟು ನಿಜವಾಗಿ ಬೇರೆ ಯಾವ ಚಿತ್ರಕಥೆಯಲ್ಲೂ ಸಿಗುವುದು ಕಷ್ಟ.

ಹಿರೋಶಿಮಾದ ಶಿಕ್ಷಣ ಮಂಡಳಿಗೆ ತೊಡಕಾದದ್ದೂ ಈ ಹಸಿವೇ. ನಗರದ ಶಾಲೆಗಳಲ್ಲಿ ಶಾಂತಿ ಶಿಕ್ಷಣಕ್ಕೆಂದು ಇರುವ ಪಠ್ಯದಲ್ಲಿ, ಮೂರನೆಯ ತರಗತಿಯ ಮಕ್ಕಳಿಗೆ ಗೆನ್‌ನ ಕೆಲವು ಪುಟಗಳಿದ್ದವು. 2023ರಲ್ಲಿ ಅವುಗಳನ್ನು ತೆಗೆಯಲಾಯಿತು. ಗೆನ್ ಮನೆಯ ಖರ್ಚಿಗಾಗಿ ಬೀದಿಯಲ್ಲಿ ಹಾಡಿ ಕಾಸು ಕೂಡಿಸುವುದು ಇಂದಿನ ಮಕ್ಕಳಿಗೆ ಅರ್ಥವಾಗದು. ಬಸುರಿ ತಾಯಿಗೆ ತಿನ್ನಿಸಲೆಂದು ಬೇರೆಯವರ ಕೊಳದಿಂದ ಮೀನು ಕದಿಯುವುದು ತಪ್ಪು ತಿಳಿವಳಿಕೆ ಕೊಟ್ಟೀತು ಎಂಬಂಥ ಕಾರಣಗಳು ಬಂದವು. ಅದಕ್ಕೂ ಮೊದಲು ಮತ್ಸುಯೆ ಎಂಬ ಊರಿನ ಶಾಲಾ ಗ್ರಂಥಾಲಯಗಳಲ್ಲಿ ಈ ಪುಸ್ತಕವನ್ನು ಮಕ್ಕಳ ಕೈಗೆಟುಕದಂತೆ ಒಳಗಿಡಲಾಗಿತ್ತು; ಸುದ್ದಿ ಹೊರಬಿದ್ದು ಗದ್ದಲವಾಗಿ 2013ರ ಆಗಸ್ಟ್‌ನಲ್ಲಿ ಆ ನಿರ್ಬಂಧ ಹಿಂತೆಗೆದುಕೊಂಡರು. ನಕಜಾವಾ ಅಷ್ಟರಲ್ಲಿ ತೀರಿಕೊಂಡಿದ್ದರು, 2012ರ ಡಿಸೆಂಬರಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ.

ಎಂಟು ವರ್ಷದ ಮಗುವಿಗೆ ಕಳವನ್ನು ವಿವರಿಸುವುದು ಯಾವ ಮೇಷ್ಟರಿಗಾದರೂ ಕಷ್ಟವೇ. ಆದರೆ ಆ ಮೀನನ್ನು ತೆಗೆದುಬಿಟ್ಟರೆ ಮೇಷ್ಟರ ಕೈಯಲ್ಲಿ ಉಳಿಯುವುದು ಮತ್ತೆ ಆ ಸಂಖ್ಯೆ, ಮತ್ತು ಮೇಲೆ ಒಂದು ಹೊಗೆಯ ಅಣಬೆ. ತಾಯಿಗೆ ಏನಾದರೂ ತಿನ್ನಿಸಬೇಕೆಂದು ಕೊಳಕ್ಕಿಳಿಯುವ ಹುಡುಗನನ್ನು ಮಕ್ಕಳು ತಟ್ಟನೆ ಗುರುತಿಸುತ್ತಾರೆ. ಕದ್ದದ್ದು ಸರಿಯೋ ತಪ್ಪೋ ಎಂದು ತರಗತಿಯಲ್ಲಿ ಜಗಳವಾದರೆ ಆಗಲಿ. ಪಾಠ ಆಗ ಶುರುವಾಗುತ್ತದೆ.

ಗೆನ್‌ನ ಗದ್ದಲದಿಂದ ಕೋನೊ ಅವರ ಪುಸ್ತಕಕ್ಕೆ ಬಂದರೆ ಜಾತ್ರೆಯಿಂದ ನದಿದಂಡೆಗೆ ಬಂದಂತೆ. ಗುಮ್ಮಟದ ಪಕ್ಕದ ಸೇತುವೆ ಅಯಿಯೊಯಿ. ಮೇಲಿನಿಂದ ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುತ್ತಿದ್ದ ಅದನ್ನೇ ವಿಮಾನದವರು ಗುರಿಯಾಗಿಟ್ಟುಕೊಂಡಿದ್ದರು. ಅಲ್ಲಿಂದ ಉತ್ತರಕ್ಕೆ ನದಿಯ ಪೂರ್ವದ ದಂಡೆ ಈಗ ಹುಲ್ಲುಹಾಸು. ಆಚೆ ಮೊತೊಮಾಚಿಯ ಎತ್ತರದ ವಸತಿ ಕಟ್ಟಡಗಳ ಸಾಲು. ಈ ಕಟ್ಟಡಗಳು ಮುಗಿದದ್ದು 1978ರಲ್ಲಿ. ಅದಕ್ಕೆ ಮುಂಚೆ ದಂಡೆಯುದ್ದಕ್ಕೂ ಇದ್ದದ್ದು ಮನೆ ಕಳೆದುಕೊಂಡವರು ಹಲಗೆ, ತಗಡು ಹೊಂದಿಸಿ ಕಟ್ಟಿಕೊಂಡ ಗುಡಿಸಲುಗಳು. ಜನ ಅದನ್ನು 'ಅಣುಬಾಂಬು ಕೊಳೆಗೇರಿ' ಎಂದೇ ಕರೆದರು.

ಕೋನೊ ಅವರ 'ಸಂಜೆಯ ನಿಶ್ಚಲದ ಊರು, ಚೆರ್ರಿ ಹೂವಿನ ನಾಡು' (2004) ಶುರುವಾಗುವುದು 1955ರಲ್ಲಿ, ಇದೇ ದಂಡೆಯ ಮೇಲೆ. ಮಿನಾಮಿ ಎಂಬ ಯುವತಿ ಕಚೇರಿ ಮುಗಿಸಿ ಮನೆಗೆ ನಡೆಯುತ್ತಾಳೆ. ದಂಡೆ ಬಂದೊಡನೆ ಚಪ್ಪಲಿ ಸವೆಯದಿರಲೆಂದು ಕಳಚಿ ಕೈಯಲ್ಲಿ ಹಿಡಿಯುತ್ತಾಳೆ. ಇವಳೂ ಬರಿಗಾಲಿನವಳೇ. ಹೆಸರಿನ ಅರ್ಥವನ್ನು ತಿಳಿಯಲು ಬೇಸಿಗೆಯ ಒಂದು ಸಂಜೆ ಇಲ್ಲಿ ಕುಳಿತರೆ ಸಾಕು. ಹಗಲು ಕಡಲಿನಿಂದ ನೆಲಕ್ಕೆ ಬೀಸುವ ಗಾಳಿ, ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ನಡುವೆ ಎರಡರ ಉಷ್ಣತೆಯೂ ಸಮನಾಗುವ ಹೊತ್ತಿನಲ್ಲಿ ಎಲೆ ಅಲುಗದು. ಹಿರೋಶಿಮಾದಲ್ಲಿ ಈ ಹೊತ್ತು ಉಸಿರುಗಟ್ಟಿಸುವಷ್ಟು ದೀರ್ಘ. ಯುದ್ಧ ಮುಗಿದು ಹತ್ತು ವರ್ಷ, ಮಿನಾಮಿಗೆ ಒಬ್ಬ ಸಹೋದ್ಯೋಗಿಯ ಮೇಲೆ ಮನಸ್ಸು, ಅವನಿಗೂ ಇವಳ ಮೇಲೆ. ಆದರೆ ತಾನು ಸುಖವಾಗಿರುವುದು ಸತ್ತವರಿಗೆ ಮಾಡುವ ದ್ರೋಹವೆಂಬ ಭಾವನೆ ಅವಳನ್ನು ಬಿಡದು. ಬಾಂಬಿನ ಚಿತ್ರವೇ ಇಲ್ಲದ ಬಾಂಬಿನ ಕಥೆ ಇದು. ಕೊನೆಯಲ್ಲಿ ಅವಳ ಕಣ್ಣು ಮಂಕಾದಂತೆ ಪುಟಗಳ ಚೌಕಗಳೂ ಖಾಲಿಯಾಗುತ್ತ ಹೋಗುತ್ತವೆ. ಮಾತಿನಲ್ಲಿ ಇದನ್ನು ಮಾಡಲಾಗದು, ಸಿನಿಮಾದಲ್ಲೂ ಹೀಗೆ ಆಗದು.

ಇದೇ ಪುಸ್ತಕದ ಎರಡನೆಯ ಭಾಗ ಟೋಕಿಯೊದಲ್ಲಿ, ಮುಂದಿನ ತಲೆಮಾರಿನಲ್ಲಿ ನಡೆಯುತ್ತದೆ. ಹಿರೋಶಿಮಾದವರ ಮಕ್ಕಳು ಎಂಬ ಕಾರಣಕ್ಕೆ ಮದುವೆಗೆ ಅಡ್ಡಿ. ಹಿಜಿಯಾಮಾ ಗುಡ್ಡದ ಅದೇ ಸಂಸ್ಥೆ 1975ರಿಂದ ಜಪಾನ್ ಮತ್ತು ಅಮೆರಿಕದ ಜಂಟಿ ಸಂಶೋಧನಾ ಪ್ರತಿಷ್ಠಾನವಾಗಿ ಬದುಕುಳಿದವರ ಸುಮಾರು 77 ಸಾವಿರ ಮಕ್ಕಳನ್ನು ಅಧ್ಯಯನ ಮಾಡುತ್ತ ಬಂದಿದೆ. ತಂದೆತಾಯಿಯರು ವಿಕಿರಣಕ್ಕೆ ಸಿಕ್ಕಿದ್ದರಿಂದ ಮಕ್ಕಳಲ್ಲಿ ಕಾಯಿಲೆ ಹೆಚ್ಚಿತೆನ್ನುವ ಸ್ಪಷ್ಟ ಪುರಾವೆ ಇದುವರೆಗೆ ಸಿಕ್ಕಿಲ್ಲ. ಗಂಡು ನೋಡುವವರು, ಹೆಣ್ಣು ನೋಡುವವರು ಅಂಕಿಅಂಶ ಓದಿ ನಿರ್ಧರಿಸುವುದಿಲ್ಲವಲ್ಲ.

ಟ್ರಾಮ್ ಕೊನೆಗೆ ನಿಲ್ಲುವುದು ಎಬಾದಲ್ಲಿ. ಇಲ್ಲಿನ ದಿಬ್ಬದ ಮೇಲೆ 1934ರ ಹವಾಮಾನ ವೀಕ್ಷಣಾಲಯದ ಕಟ್ಟಡ ಇನ್ನೂ ಇದೆ. 1992ರಿಂದ ಅದು ಸಂಗ್ರಹಾಲಯ. ಬಾಂಬು ಬಿದ್ದ ದಿನವೂ ಇಲ್ಲಿನ ನೌಕರರು ವೀಕ್ಷಣೆ ನಿಲ್ಲಿಸಲಿಲ್ಲ. ಕಪ್ಪು ಮಳೆ ಎಲ್ಲೆಲ್ಲಿ ಸುರಿಯಿತೆಂದು ಆಮೇಲೆ ಊರೂರು ತಿರುಗಿ ಕೇಳಿ ನಕ್ಷೆ ಬರೆದವರೂ ಅವರೇ. ಆ ನಕ್ಷೆಯ ಗೆರೆಯಿಂದ ಹೊರಗುಳಿದ 84 ಜನ ತಾವೂ ನೆನೆದವರೆಂದು ಕೋರ್ಟಿಗೆ ಹೋಗಿ, ಹೈಕೋರ್ಟಿನಲ್ಲಿ ಗೆದ್ದದ್ದು 2021ರಲ್ಲಿ. ಎಪ್ಪತ್ತಾರು ವರ್ಷ ಬೇಕಾಯಿತು.

ಕೋನೊ ಅವರ ದೊಡ್ಡ ಕೃತಿ 'ಜಗತ್ತಿನ ಈ ಮೂಲೆಯಲ್ಲಿ' (2007-09) ಇದರ ನಾಯಕಿ ಸುಜು ಹುಟ್ಟಿದ್ದು ಈ ಎಬಾದಲ್ಲಿ, ಕಡಲ ಪಾಚಿ ಒಣಗಿಸಿ ಹಾಳೆ ಮಾಡುವವರ ಮನೆಯಲ್ಲಿ. 1944ರಲ್ಲಿ ಮದುವೆಯಾಗಿ ಕುರೆ ಬಂದರಿಗೆ ಹೋಗುತ್ತಾಳೆ. ಓದುಗರೂ ಅವಳ ಹಿಂದೆ ಕಡಲಂಚಿನ ರೈಲಿನಲ್ಲಿ ಹೋಗಬಹುದು, ಒಂದು ಗಂಟೆಯೊಳಗಿನ ದಾರಿ. ಕುರೆ ನೌಕಾಪಡೆಯ ಊರು. ಯಮಾತೊ ಎಂಬ ಮಹಾ ಯುದ್ಧನೌಕೆಯನ್ನು ಕಟ್ಟಿದ್ದು ಇಲ್ಲಿಯೇ. ಅದರ ಹತ್ತನೆಯ ಒಂದು ಅಳತೆಯ, 26 ಮೀಟರ್ ಉದ್ದದ ಮಾದರಿಗಾಗಿಯೇ ಎಂಬಂತೆ 2005ರಲ್ಲಿ ಒಂದು ಸಂಗ್ರಹಾಲಯ ತೆರೆದರು. ಜನ ನೌಕೆ ನೋಡಿ ಹಿಂತಿರುಗುತ್ತಾರೆ. ಸುಜುವಿನ ಕುರೆ ಇರುವುದು ಬೆನ್ನ ಹಿಂದಿನ ಬೆಟ್ಟದ ಇಳಿಜಾರಿನಲ್ಲಿ, ಕಲ್ಲುಕಟ್ಟಣೆಯ ಮೇಲೆ ಕಲ್ಲುಕಟ್ಟಣೆಯಾಗಿ ಏರುವ ಇಕ್ಕಟ್ಟಿನ ಓಣಿಗಳಲ್ಲಿ.

ಸುಜುವಿಗೆ ಗೊತ್ತಿರುವುದು ಚಿತ್ರ ಬರೆಯುವುದೊಂದೇ. ಬಂದರಿನ ಹಡಗುಗಳನ್ನು ಬರೆಯುತ್ತ ಕುಳಿತಾಗ ಮಿಲಿಟರಿ ಪೊಲೀಸರು ಗೂಢಚಾರಿಣಿಯೆಂದು ಮನೆಗೆ ಬಂದು ಗದರಿಸುತ್ತಾರೆ. ಈ ದಡ್ಡ ಹುಡುಗಿ ಗೂಢಚಾರಿಣಿಯೇ ಎಂದು ಮನೆಮಂದಿಗೆ ಆಮೇಲೆ ನಗು ತಡೆಯಲಾಗುವುದಿಲ್ಲ. ರೇಷನ್ ಕಡಿಮೆಯಾದಂತೆ ಬೇಲಿಯ ಸೊಪ್ಪುಸದೆ ತಂದು ಅಡುಗೆ ಮಾಡುವ ಬಗೆಗಳು ಚಿತ್ರಸಮೇತ ಬರುತ್ತವೆ. ಅಕ್ಕಿಯನ್ನು ಹುರಿದು ನೆನೆಹಾಕಿ ಅನ್ನ ಉಬ್ಬಿಸುವ ಒಂದು ಉಪಾಯ ಅಂತೂ ಬಹಳ ಸೊಗಸು. ಪಿಷ್ಟ ನೀರು ಕುಡಿದು ಪಾತ್ರೆ ತುಂಬುತ್ತದೆ, ಹೊಟ್ಟೆಗೆ ಸಿಗುವ ಶಕ್ತಿ ಅಷ್ಟೇ. ರುಚಿಯಂತೂ ಇಲ್ಲ. ಯುದ್ಧಕಾಲದ ಬದುಕನ್ನು ಅಡುಗೆಮನೆಯಿಂದ ನೋಡಿದ ಪುಸ್ತಕ ಇದು. ಕಾಮಿಕ್ಸ್ ಎಂದರೆ ಮೂಗುಮುರಿಯುವ ಗೃಹಿಣಿಯರಿಗೆ ಮೊದಲು ಕೊಡಬೇಕಾದದ್ದು.

1945ರ ಜೂನ್ ತಿಂಗಳಲ್ಲಿ ತಡವಾಗಿ ಸಿಡಿಯುವ ಬಾಂಬೊಂದು ಸುಜುವಿನ ಬಲಗೈಯನ್ನೂ, ಆ ಕೈಯಲ್ಲಿ ಹಿಡಿದಿದ್ದ ನಾದಿನಿಯ ಪುಟ್ಟ ಮಗಳನ್ನೂ ಕಸಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಪುಟಗಳಲ್ಲಿ ಮನೆ, ಬೆಟ್ಟ, ಆಕಾಶ ಎಲ್ಲ ಸೊಟ್ಟಸೊಟ್ಟಗೆ, ನಡುಗುವ ಗೆರೆಗಳಲ್ಲಿ ಕಾಣತೊಡಗುತ್ತವೆ. ಕೋನೊ ಆ ಹಿನ್ನೆಲೆಯ ಚಿತ್ರಗಳನ್ನು ತಮ್ಮ ಎಡಗೈಯಲ್ಲಿ ಬರೆದರು. ಗಮನಿಸದೆ ಪುಟ ತಿರುಗಿಸಿದವರಿಗೂ ಏನೋ ಕೆಟ್ಟಿದೆಯೆಂದು ಅನಿಸದಿರದು.

ಗೆನ್‌ನ ಹತ್ತೂ ಸಂಪುಟಗಳು 'ಬೇರ್‌ಫುಟ್ ಗೆನ್' ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿವೆ; 1976ರಲ್ಲಿ ಟೋಕಿಯೊದ ಸ್ವಯಂಸೇವಕರು ಕೈಹಚ್ಚಿದ ಆ ಅನುವಾದ, ಇಂಗ್ಲಿಷಿಗೆ ಹೋದ ಮೊದಮೊದಲ ಮಾಂಗಾಗಳಲ್ಲೊಂದು. ಕೋನೊ ಅವರ ಎರಡೂ ಪುಸ್ತಕಗಳು ಇಂಗ್ಲಿಷಿನಲ್ಲಿ ಸಿಗುತ್ತವೆ. ಗೆನ್ ಮತ್ತು ಮಿನಾಮಿಯ ಕಥೆ ಹಿಂದಿಗೂ ಬಂದಿವೆ. ಮೊದಲಿಗೆ ಮಿನಾಮಿಯ ಕಥೆ, ಅದು ಒಂದೇ ಸಂಜೆಯ ಓದು. ಆಮೇಲೆ ಸುಜು, ನಿಧಾನವಾಗಿ. ಗೆನ್‌ನ ಒಂದನೆಯ ಸಂಪುಟವನ್ನು ಹನ್ನೆರಡು ವರ್ಷ ದಾಟಿದ ಮಕ್ಕಳಿಗೆ ಕೊಡಬಹುದು. ಕೊಡುವ ದೊಡ್ಡವರು ತಾವು ಮೊದಲು ಓದಿರಬೇಕು, ಮೀನಿನ ಪ್ರಶ್ನೆ ಬಂದಾಗ ಪಕ್ಕದಲ್ಲೇ ಇರಬೇಕು.